ಎಂಟಾದ ಮೇಲೆ ಆರು ಹೇಗೆ ಬಂತು?

ಪ್ರಿಯರೆ,

ನಿಮ್ಮ 'ಸೆಟ್ರಾ: ರಸ್ತೆಯ ರಾಜನ ಯಶೋಗಾಥೆ' ಕೈಸೇರಿತು. ಜರ್ಮನಿಯ ಉಲ್ಮ್ ಊರಿನ ಬಸ್ ಕಂಪನಿಯೊಂದರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿತಲ್ಲ, ಸಂತೋಷ. ಕಾಗುಣಿತ ಶುದ್ಧವಾಗಿದೆ, ಇಸವಿಗಳೂ ಸರಿ ಇವೆ. ಆದರೆ ಈ ರೂಪದಲ್ಲಿ ಹಾಕಲಾರೆ. ಇಂಥವಕ್ಕೆ ಸಾಮಾನ್ಯವಾಗಿ ಎರಡು ಸಾಲು ಗೀಚಿ ವಾಪಸು ಕಳಿಸುತ್ತೇನೆ. ನಿಮ್ಮ ಎರಡನೇ ಪುಟ ಮಾತ್ರ ರಾತ್ರಿ ಊಟಕ್ಕೆ ಕೂತಾಗಲೂ ತಲೆ ಕೊರೆಯುತ್ತಿತ್ತು. ಅದಕ್ಕೇ ಈ ಪತ್ರ ಉದ್ದವಾಗುತ್ತಿದೆ.

ಆ ಪುಟದ ಮೊದಲ ಸಾಲು: "1951ರಲ್ಲಿ ಕಂಪನಿಯು ಎಸ್ 8 ಎಂಬ ತನ್ನ ಎಂಟನೇ ಮಾದರಿಯನ್ನು ಲೋಕಾರ್ಪಣೆಗೊಳಿಸಿತು." ಎಂಟನೆಯದಾದರೆ ಎಸ್ 1ರಿಂದ 7ರವರೆಗಿನವು ಎಲ್ಲಿ ಹೋದವು? ನಿಮ್ಮ ಪಟ್ಟಿಯಲ್ಲೇ ಇಲ್ಲ. ನಾಲ್ಕು ಸಾಲು ಕೆಳಗೆ 1955ಕ್ಕೆ ಎಸ್ 6 ಬರುತ್ತದೆ. ಎಂಟಾದ ಮೇಲೆ ಆರು! ಬರೆಯುವಾಗ ಕೈ ತಡೆಯಲಿಲ್ಲವೆ? ಎಸ್ 8 ಸೆಟ್ರಾ ಹೆಸರು ಹೊತ್ತ ಮೊಟ್ಟಮೊದಲ ಬಸ್ಸು. ಎಂಟು ಅಂದರೆ ಒಳಗಿನ ಸೀಟಿನ ಸಾಲುಗಳು, ಅಷ್ಟೆ. ಎಸ್ 6 ಅದಕ್ಕಿಂತ ಗಿಡ್ಡ ಬಸ್ಸು, ಆರೇ ಸಾಲು.

ಇದು ಗೊತ್ತಿಲ್ಲದ್ದರಿಂದ ನಿಮ್ಮ ಮುಂದಿನ ಪ್ಯಾರಾ ಪೂರ್ತಿ ಕುರುಡಾಗಿದೆ. "ತದನಂತರ ಎಸ್ 215 ಎಚ್‌ಡಿ, ಎಸ್ 315 ಎಚ್‌ಡಿ, ಎಸ್ 415 ಎಚ್‌ಡಿ, ಎಸ್ 515 ಎಚ್‌ಡಿ ಮುಂತಾದ ಹತ್ತು ಹಲವು ಮಾದರಿಗಳು ಬಂದವು." ಹತ್ತು ಹಲವು ಎಲ್ಲಿ ಬಂತು ಸ್ವಾಮಿ! ನೀವು ಬರೆದಿರುವುದು ಒಂದೇ ಬಸ್ಸಿನ ನಾಲ್ಕು ತಲೆಮಾರು. 1976ರಲ್ಲಿ 200ರ ಸರಣಿ ಶುರುವಾದಂದಿನಿಂದ ಮೊದಲ ಅಂಕಿ ತಲೆಮಾರನ್ನೂ ಕೊನೆಯ ಎರಡು ಅಂಕಿ ಸೀಟಿನ ಸಾಲನ್ನೂ ಹೇಳುತ್ತವೆ. 1991ಕ್ಕೆ ಮೂರು, 2001ಕ್ಕೆ ನಾಲ್ಕು, 2012ಕ್ಕೆ ಐದು. ಸಾಲು ಮಾತ್ರ ಹದಿನೈದೇ. ಎಚ್‌ಡಿ ಅಂದರೆ ಅಟ್ಟ ಎತ್ತರಿಸಿದ ಬಸ್ಸು: ಸಾಮಾನು ಕೆಳಗೆ, ಜನ ಮೇಲೆ, ಕಿಟಕಿಯಿಂದ ದೂರದವರೆಗೆ ನೋಟ. 1967ರ ಸರಣಿಯಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಎಸ್ 150 ಅಂದರೂ ಹದಿನೈದೇ ಸಾಲು, ಪಕ್ಕಕ್ಕೊಂದು ಸೊನ್ನೆ. ಇಷ್ಟು ತಿಳಿದ ಓದುಗ ಹೆದ್ದಾರಿಯಲ್ಲಿ ಹಾದುಹೋಗುವ ಸೆಟ್ರಾದ ವಯಸ್ಸು, ಉದ್ದ ಎರಡನ್ನೂ ಅದರ ಹಿಂಬದಿ ನೋಡಿಯೇ ಹೇಳುತ್ತಾನೆ. ನೀವು ಬರೆದದ್ದನ್ನು ಓದಿದವನು ಅಂಕಿಗಳನ್ನು ಹಾರಿಸಿಕೊಂಡು ಹೋಗುತ್ತಾನೆ.

ಇನ್ನು ನನಗೆ ನಿಜಕ್ಕೂ ಸಿಟ್ಟು ತರಿಸಿದ ಸಾಲು. "ಎಸ್ 8ರಲ್ಲಿ ಸ್ವಯಂಧಾರಕ ದೇಹರಚನೆಯನ್ನು ಅಳವಡಿಸಿಕೊಳ್ಳಲಾಯಿತು." ಯಾರು ಅಳವಡಿಸಿಕೊಂಡರು? ಒಟ್ಟೊ ಕೆಸ್‌ಬೋರರ್ ಅಂತ ಹೆಸರಿದೆ ಆ ಮನುಷ್ಯನಿಗೆ. ಅಪ್ಪ ಕಾರ್ಲ್ 1893ರಲ್ಲಿ ಗಾಡಿ ಕಟ್ಟುವ ಕಾರ್ಖಾನೆ ಶುರು ಮಾಡಿದವರು, ಡ್ಯಾನ್ಯೂಬ್ ನದಿಗೆ ದೋಣಿ ಕಟ್ಟುತ್ತಿದ್ದ ಮನೆತನ. 1911ರಲ್ಲಿ ಉಲ್ಮ್‌ನಿಂದ ವೀಬ್ಲಿಂಗನ್‌ಗೆ ಓಡಾಡಲು ಅವರು ಬಸ್ಸು ಕಟ್ಟಿಕೊಟ್ಟರು. ಇವನ್ನೆಲ್ಲ ಹೇಳಿದ್ದೀರಿ, ಸರಿ. ಆದರೆ ಅಲ್ಲಿಂದ ನಲವತ್ತು ವರ್ಷ ಆ ಮನೆಯವರು ಬೇರೆಯವರ ಚಾಸಿಯ, ಅಂದರೆ ಎಂಜಿನ್ನು, ಚಕ್ರ ಇರುವ ಬರಿ ಅಡಿಗಟ್ಟಿನ, ಮೇಲೆ ಬಾಡಿ ಕೂರಿಸುವವರಾಗಿಯೇ ಇದ್ದರಲ್ಲ, ಅದನ್ನು ಹೇಳದೆ ಎಸ್ 8ಕ್ಕೆ ಜಿಗಿದರೆ ಅದರ ದೊಡ್ಡಸ್ತಿಕೆ ಯಾರಿಗೆ ತಿಳಿಯಬೇಕು?

ನಾನು ಈ ಕಸುಬಿಗೆ ಬಂದ ಹೊಸದರಲ್ಲಿ ಒಬ್ಬ ಹಿರಿಯ ಉಪಸಂಪಾದಕರ ಕೈಕೆಳಗಿದ್ದೆ. ಬಂದ ಲೇಖನದ ಇಸವಿಗಳ ಮೇಲೆ ಹೆಬ್ಬೆರಳು ಇಟ್ಟುಕೊಂಡು ಓದುತ್ತಿದ್ದರು. ಬೆರಳ ಆಚೆ ಏನೂ ಉಳಿಯದಿದ್ದರೆ ಹಾಳೆ ಪಕ್ಕಕ್ಕೆ. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಕೆಂಪು ಪೆನ್ನು, ಬೈಗುಳಕ್ಕೆ ಮಾತ್ರ ಬಿಡುವು. ಬಸ್ಸಿನ ಬಗ್ಗೆ ಬರಿ ಅಂತ ನನ್ನನ್ನು ಬೆಂಗಳೂರಿನ ಒಂದು ಬಾಡಿ ಕಟ್ಟುವ ಶೆಡ್ಡಿಗೆ ಅಟ್ಟಿದರು. ಹೊಸೂರಿನಿಂದ ಬರಿ ಚಾಸಿ ಓಡಿಸಿಕೊಂಡು ಬರುವವರನ್ನು ನೀವೂ ನೋಡಿರುತ್ತೀರಿ: ಮುಂದೆ ಎಂಜಿನ್ನು, ಹಿಂದೆ ಎರಡು ಉದ್ದ ತೊಲೆ, ತಲೆಗೆ ಟವೆಲ್ ಬಿಗಿದು ಗಾಳಿಗೆ ಕಣ್ಣು ಕಿರಿದು ಮಾಡಿ ಕೂತ ಡ್ರೈವರು. ಅಲ್ಲಿನ ಮೇಸ್ತ್ರಿ ರಿವೆಟ್ ಹೊಡೆಯುತ್ತಲೇ ಅಂದರು, "ನಾವು ಕಟ್ಟೋದು ಬರೀ ಮನೆ ಸಾರ್, ಭಾರ ಹೊರೋದು ಕೆಳಗಿನ ತೊಲೆ."

ಒಟ್ಟೊ ಕಿತ್ತುಹಾಕಿದ್ದು ಆ ತೊಲೆಯನ್ನೇ. ನೆಲ, ಗೋಡೆ, ಸೂರು ಎಲ್ಲವನ್ನೂ ಉಕ್ಕಿನ ಚೌಕಟ್ಟಿನಲ್ಲಿ ಒಂದಾಗಿ ಬೆಸೆದರು. ಬಿದಿರಿನ ಬುಟ್ಟಿಗೆ ಹೇಗೆ ಹೆಣಿಗೆಯೇ ಬಲವೋ ಹಾಗೆ, ಭಾರ ಇಡೀ ಮೈಗೆ ಹಂಚಿಹೋಯಿತು. ನಿಮ್ಮ 'ಸ್ವಯಂಧಾರಕ' ಅಂದರೆ ಇದೇ. ಬಸ್ಸು ಹಗುರಾಯಿತು. ಎಂಜಿನ್ನು ಹಿಂದಕ್ಕೆ ಹೋಯಿತು, ನಡುವೆ ಹಾಯುವ ಉದ್ದನೆಯ ಶಾಫ್ಟಿನ ತಂಟೆ ತಪ್ಪಿತು. ಸೆಟ್ರಾವನ್ನು ಬರಿ ಚಾಸಿಯಾಗಿ ರಸ್ತೆಗೆ ಇಳಿಸಲಾಗದು, ಬಾಡಿ ತೆಗೆದರೆ ಓಡಿಸಲು ಏನೂ ಉಳಿಯುವುದಿಲ್ಲ. ನಮ್ಮ ಓದುಗರಿಗೆ ಇದೊಂದು ಮಾತು ಹೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಅದಕ್ಕಿಂತ ದೊಡ್ಡ ಸಂಗತಿ ವ್ಯಾಪಾರದ್ದು. ಚಾಸಿ ಬೇಡ ಅಂದ ದಿನ ಬಾಡಿ ಕಟ್ಟುವವರು ಬಸ್ ತಯಾರಕರೇ ಆಗಿಬಿಟ್ಟರು. ಎಂಜಿನ್ನನ್ನು ಹೆನ್‌ಶೆಲ್ ಕಂಪನಿಯಿಂದ ಕೊಂಡರು, ಬಸ್ಸು ಪೂರ್ತಿ ತಮ್ಮದೇ. ಲಾರಿ ಕಂಪನಿಗಳ ಬಾಗಿಲು ಕಾಯುತ್ತಿದ್ದ ಮನೆಯವರು ಅವರಿಗೇ ಎದುರಾಳಿಗಳಾದರು. 1995ರಲ್ಲಿ ಸಾಲದ ಹೊರೆಯಲ್ಲಿ ಬಸ್ ವಿಭಾಗ ಮರ್ಸಿಡಿಸ್ ಬೆಂಜ್ ತೆಕ್ಕೆಗೆ ಹೋಗಿ ಎವೊಬಸ್ ಎಂಬ ಕಂಪನಿ ಆಯಿತಲ್ಲ, ಅದನ್ನು ನೀವು "ವಿಲೀನಗೊಳಿಸಲಾಯಿತು" ಅಂತ ಒಂದು ಪದದಲ್ಲಿ ತೀರಿಸಿದ್ದೀರಿ. ಚಾಸಿಯವರ ಹಂಗು ಕಳಚಿಕೊಂಡ ಮನೆ ನಲವತ್ತನಾಲ್ಕು ವರ್ಷಕ್ಕೆ ಚಾಸಿ, ಎಂಜಿನ್ನು ಎರಡೂ ಮಾಡುವ ಕಂಪನಿಯ ಪಾಲಾಯಿತು. ಕಥೆ ಇದ್ದದ್ದೇ ಅಲ್ಲಿ.

ಉಳಿದ ಪುಟಗಳ ಬಗ್ಗೆ ಹೇಳಲು ಹೋಗುವುದಿಲ್ಲ. ಡಬಲ್ ಡೆಕ್ಕರ್ ಭಾಗ ಹೇಗಿದೆಯೋ ಹಾಗೆ ಇರಲಿ. ಹಿಮ ಸಮತಟ್ಟು ಮಾಡುವ ಪಿಸ್ಟನ್‌ಬುಲ್ಲಿ ಗಾಡಿ ಅದೇ ಮನೆಯದು ನಿಜ, ಆದರೂ ತೆಗೆಯಿರಿ, ಬೇರೆ ಲೇಖನಕ್ಕೆ ಆಗುತ್ತದೆ. 'ರಾಜ'ನನ್ನೂ 'ಯಶೋಗಾಥೆ'ಯನ್ನೂ ತಲೆಬರಹದಿಂದ ಇಳಿಸಿ. ಎರಡನೇ ಪುಟವನ್ನು ಬಾಡಿ ಕಟ್ಟುವವರಿಂದ ಶುರು ಮಾಡಿ, ಮಾದರಿಗಳನ್ನು ಆಮೇಲೆ ತನ್ನಿ. ಆಗದ ಕೆಲಸವೇನಲ್ಲ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ