ಓದುಗರ ಪ್ರಶ್ನೆಗೆ ಉತ್ತರ: ಪೈಲಟ್ ಕಣ್ಣಿಗೆ ಬಿದ್ದ ಬೆಳಕು

ಪ್ರಶ್ನೆ: ನನ್ನ ಭಾವ ದುಬೈಯಲ್ಲಿ ಉದ್ಯೋಗದಲ್ಲಿದ್ದಾರೆ. ಕಳೆದ ಸಲ ರಾತ್ರಿ ವಿಮಾನದಲ್ಲಿ ಮಂಗಳೂರಿಗೆ ಬರುವಾಗ ಬಿಳಿ ಬೆಳಕಿನ ಸಾಲೊಂದನ್ನು ಕಂಡರಂತೆ. ಅದು ಆಕಾಶದಲ್ಲಿತ್ತೋ ಕೆಳಗಿತ್ತೋ ಅವರಿಗೆ ತಿಳಿಯಲಿಲ್ಲ. ನಮ್ಮಂಥವರು ಕಂಡರೆ ಭ್ರಮೆ ಎನ್ನಬಹುದು. ಸಾವಿರಾರು ಗಂಟೆ ಹಾರಾಡಿದ ಪೈಲಟ್‌ಗಳೇ ಗುರುತು ಸಿಗದ ವಸ್ತುವನ್ನು ಕಂಡೆವು ಎಂದರೆ ನಂಬದಿರುವುದು ಹೇಗೆ?
– ಅಧ್ಯಾಪಕರೊಬ್ಬರು, ಬದಿಯಡ್ಕ

ಉತ್ತರ: ಪೈಲಟ್‌ನ ಮಾತನ್ನು ನಂಬಲೇಬೇಕು. ಆದರೆ ಆ ಮಾತಿನಲ್ಲಿ ಕಂಡದ್ದು ಎಷ್ಟು, ಅಂದಾಜು ಮಾಡಿದ್ದು ಎಷ್ಟು ಎಂದು ಬೇರ್ಪಡಿಸಿಕೊಳ್ಳಬೇಕು. ‘ಎಡಬದಿಯಲ್ಲಿ ಬೆಳಕು ಕಾಣಿಸಿತು, ಎರಡು ನಿಮಿಷ ಇತ್ತು, ಆಮೇಲೆ ಮರೆಯಾಯಿತು’ ಎಂಬುದು ಕಂಡದ್ದು. ‘ಐದು ಮೈಲು ದೂರದಲ್ಲಿತ್ತು, ಬಸ್ಸಿನಷ್ಟು ದೊಡ್ಡದಿತ್ತು, ಭಾರೀ ವೇಗದಲ್ಲಿ ಹೋಯಿತು’ ಎಂಬುದು ಅಂದಾಜು. ವಸ್ತು ಯಾವುದೆಂದು ತಿಳಿಯದಿದ್ದರೆ ಅದರ ಗಾತ್ರ ತಿಳಿಯದು. ಗಾತ್ರ ತಿಳಿಯದೆ ಬರಿಗಣ್ಣಿಗೆ ದೂರ ತಿಳಿಯದು. ದೂರ ತಿಳಿಯದೆ ವೇಗ ತಿಳಿಯದು. ಎಷ್ಟು ಸಾವಿರ ಗಂಟೆ ಹಾರಿದರೂ ಕಣ್ಣಿನ ಈ ಮಿತಿ ಹೋಗುವುದಿಲ್ಲ.

‘ಹಾರುವ ತಟ್ಟೆ’ ಎಂಬ ಮಾತು ಹುಟ್ಟಿದ್ದೇ ಒಬ್ಬ ಪೈಲಟ್‌ನಿಂದ. 1947ರ ಜೂನ್ 24ರಂದು ಅಮೆರಿಕದ ರೇನಿಯರ್ ಪರ್ವತದ ಬಳಿ ತನ್ನ ಸಣ್ಣ ವಿಮಾನದಲ್ಲಿ ಹೋಗುತ್ತಿದ್ದ ಕೆನೆತ್ ಆರ್ನಲ್ಡ್ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡು, ಅವು ಎರಡು ಶಿಖರಗಳ ನಡುವೆ ಸಾಗಲು ತೆಗೆದುಕೊಂಡ ಸಮಯವನ್ನು ಗಡಿಯಾರ ನೋಡಿ ಗುರುತಿಸಿಕೊಂಡರು. ಆ ಸಮಯ ಕಂಡದ್ದು. ಗಂಟೆಗೆ ಸಾವಿರಕ್ಕೂ ಮಿಕ್ಕಿದ ಮೈಲುಗಳ ವೇಗವೆಂಬುದು ದೂರದ ಅಂದಾಜಿನ ಮೇಲೆ ನಿಂತ ಲೆಕ್ಕ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುತ್ತಾ ಹೋಗುವಂತೆ ಅವು ಚಲಿಸಿದವು ಎಂದು ಅವರು ಹೇಳಿದ್ದು ಚಲನೆಯ ಬಗ್ಗೆ. ಪತ್ರಿಕೆಗಳು ಅದನ್ನು ಆಕಾರವೆಂದು ಬರೆದವು, ಆ ಬಳಿಕ ಜನರಿಗೆ ತಟ್ಟೆಗಳೇ ಕಾಣತೊಡಗಿದವು.

ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಹಳಿಯ ಪಕ್ಕದ ತೆಂಗುಗಳು ಹಿಂದಕ್ಕೆ ಓಡುವುದನ್ನೂ ಚಂದ್ರ ನಮ್ಮ ಜೊತೆಗೇ ಬರುವುದನ್ನೂ ನೀವು ನೋಡಿರುತ್ತೀರಿ. ಓಡುತ್ತಿರುವುದು ನಾವು, ತೆಂಗಲ್ಲ. 2015ರಲ್ಲಿ ಅಮೆರಿಕದ ನೌಕಾಪಡೆಯ ಯುದ್ಧವಿಮಾನವೊಂದು ಚಿತ್ರಿಸಿದ ವೀಡಿಯೊದಲ್ಲಿ ಸಮುದ್ರದ ಮೇಲೆ ಏನೋ ಒಂದು ರಭಸದಿಂದ ಹಾರಿಹೋಗುವಂತೆ ಕಾಣುತ್ತದೆ. ಪರದೆಯ ಮೇಲಿದ್ದ ಅಂಕಿಗಳನ್ನೇ ಹಿಡಿದು ನಾಸಾದ ಅಧ್ಯಯನ ತಂಡ ಲೆಕ್ಕ ಹಾಕಿದಾಗ, ಆ ವಸ್ತು ನೀರಿನ ಮಟ್ಟದಲ್ಲಲ್ಲ, ಸುಮಾರು 13,000 ಅಡಿ ಎತ್ತರದಲ್ಲಿತ್ತು, ಅದರ ವೇಗ ಗಂಟೆಗೆ ಸುಮಾರು 40 ಮೈಲು ಮಾತ್ರ ಎಂದು ತಿಳಿಯಿತು. ಆ ಎತ್ತರದಲ್ಲಿ ಗಾಳಿಯೇ ಒಯ್ಯಬಲ್ಲ ವೇಗ ಅದು.

ಇಂಥ ತಪ್ಪು ಅಪಾಯಕ್ಕೂ ಎಡೆಯಾಗಬಹುದು. 2011ರ ಜನವರಿಯಲ್ಲಿ ಟೊರಾಂಟೊದಿಂದ ಜ್ಯೂರಿಕ್‌ಗೆ ಹೊರಟಿದ್ದ ವಿಮಾನವೊಂದರ ಸಹಪೈಲಟ್, ಆಗಷ್ಟೇ ನಿದ್ದೆಯಿಂದ ಎದ್ದವರು, ಮೊದಲು ಶುಕ್ರಗ್ರಹವನ್ನು ಎದುರಿನಿಂದ ಬರುವ ವಿಮಾನವೆಂದು ಭಾವಿಸಿದರು. ಬಳಿಕ ಸಾವಿರ ಅಡಿ ಕೆಳಗಿದ್ದ ನಿಜವಾದ ವಿಮಾನ ಕಂಡಾಗ ಅದು ಮೇಲಿನಿಂದ ತಮ್ಮ ಮೇಲೆಯೇ ಇಳಿಯುತ್ತಿದೆ ಎಂದೆಣಿಸಿ ತಮ್ಮ ವಿಮಾನವನ್ನು ಕೆಳಮುಖ ಮಾಡಿದರು. 16 ಮಂದಿಗೆ ಗಾಯಗಳಾದವು.

ಹಾಗೆಂದು ಪೈಲಟ್‌ಗಳ ಮಾತನ್ನು ತಳ್ಳಿಹಾಕಿದ ವಿಜ್ಞಾನಿಗಳು ಸೋತದ್ದೂ ಉಂಟು. ಗುಡುಗಿನ ಮೋಡಗಳ ನೆತ್ತಿಯ ಮೇಲೆ ಕೆಂಪು ಮಿಂಚೊಂದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಳೆದು ಹೋಗುತ್ತದೆಂದು ಪೈಲಟ್‌ಗಳು ದಶಕಗಳ ಕಾಲ ಹೇಳುತ್ತಲೇ ಇದ್ದರು. ಮಿಂಚು ಕೆಳಕ್ಕೆ ಬರುತ್ತದೆಯೇ ಹೊರತು ಮೇಲಕ್ಕೆ ಹೋಗುವುದುಂಟೇ ಎಂದು ಯಾರೂ ಕಿವಿಗೊಡಲಿಲ್ಲ. 1989ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರ ಕ್ಯಾಮೆರಾದಲ್ಲಿ ಅದು ಆಕಸ್ಮಿಕವಾಗಿ ಸೆರೆಯಾಯಿತು. ಈಗ ಅದಕ್ಕೆ ‘ಸ್ಪ್ರೈಟ್’ ಎಂದು ಹೆಸರು. ಮೋಡಕ್ಕಿಂತ ಎಷ್ಟೋ ಮೇಲೆ, ಸುಮಾರು 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಮೂಡುವ ವಿದ್ಯುತ್ ವಿಸರ್ಜನೆ ಅದು. ಅಷ್ಟು ವರ್ಷ ಆ ಪೈಲಟ್‌ಗಳು ಕಂಡದ್ದನ್ನು ಕಂಡಂತೆಯೇ ಹೇಳಿದ್ದರು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಬೇಸರವಾಗುತ್ತದೆ.

2004ರ ನವೆಂಬರ್‌ನಲ್ಲಿ ಅಮೆರಿಕದ ನೌಕಾಪಡೆಯ ಪೈಲಟ್ ಡೇವಿಡ್ ಫ್ರೇವರ್ ಮತ್ತು ಜೊತೆಗಾರರು ಸ್ಯಾನ್ ಡಿಯಾಗೊ ಕರಾವಳಿಯಾಚೆ ಎರಡು ಯುದ್ಧವಿಮಾನಗಳಿಂದ ನೋಡಿದ ಬಿಳಿಯ, ರೆಕ್ಕೆಯಿಲ್ಲದ ವಸ್ತುವಿಗೆ ಎಲ್ಲರೂ ಒಪ್ಪುವ ವಿವರಣೆ ಇನ್ನೂ ಸಿಕ್ಕಿಲ್ಲ. ಅದನ್ನು ಹಾಗೆಯೇ ತೆರೆದಿಡುವುದು ಸರಿ ಎಂದು ನನ್ನ ಅಭಿಪ್ರಾಯ.

ನಿಮ್ಮ ಭಾವನವರು ಕಂಡದ್ದು ಬಹುಮಟ್ಟಿಗೆ ಮೀನುಗಾರಿಕೆ ದೋಣಿಗಳ ದೀಪಗಳಿರಬೇಕು. ಚಂದ್ರನಿಲ್ಲದ ರಾತ್ರಿ ಅರಬ್ಬೀ ಸಮುದ್ರದ ಮೇಲೆ ಬಾನಂಚು ಅಳಿಸಿಹೋಗಿ, ಕೆಳಗಿನ ದೀಪವೂ ಮೇಲಿನ ನಕ್ಷತ್ರವೂ ಒಂದೇ ಕಪ್ಪಿನಲ್ಲಿ ತೇಲುತ್ತವೆ. ಇಂಥ ಹೊತ್ತಿನಲ್ಲಿ ಕಣ್ಣನ್ನಲ್ಲ, ಉಪಕರಣಗಳನ್ನು ನಂಬಬೇಕೆಂದು ಪೈಲಟ್‌ಗಳಿಗೆ ತರಬೇತಿಯಲ್ಲೇ ಕಲಿಸುತ್ತಾರೆ.

ಪ್ರಶ್ನೆ: ಇಂಥದ್ದನ್ನು ಕಂಡ ಪೈಲಟ್‌ಗಳು ಹೇಳಿಕೊಳ್ಳಲು ಹೆದರುತ್ತಾರೆಂಬುದು ನಿಜವೇ? ನನ್ನ ಮಗಳು ಪೈಲಟ್ ಆಗಬೇಕೆಂದಿದ್ದಾಳೆ.
– ತಾಯಿಯೊಬ್ಬರು, ಮಂಜೇಶ್ವರ

ಉತ್ತರ: ನಿಜ. ಅಮೆರಿಕದ ನೌಕಾಪಡೆಯ ಪೈಲಟ್ ಆಗಿದ್ದ ರಯಾನ್ ಗ್ರೇವ್ಸ್ 2023ರ ಜುಲೈ 26ರಂದು ಅಲ್ಲಿನ ಸಂಸತ್ತಿನ ಸಮಿತಿಯೆದುರು ಇದನ್ನೇ ಹೇಳಿದರು. ವೈದ್ಯಕೀಯ ಅರ್ಹತೆಯ ಮೇಲೆಯೇ ಕೆಲಸ ನಿಂತಿರುವಾಗ, ‘ವಿಚಿತ್ರವಾದುದನ್ನು ಕಂಡೆ’ ಎಂದು ಬಾಯಿಬಿಡಲು ಯಾರಾದರೂ ಹಿಂಜರಿಯುತ್ತಾರೆ. ಆದರೆ ಈ ಮೌನದಿಂದ ಹೋಗುವುದು ಪ್ರಯಾಣಿಕರ ಸುರಕ್ಷತೆ. 1982ರ ಜೂನ್ 24ರ ರಾತ್ರಿ ಜಾವಾ ದ್ವೀಪದ ಬಳಿ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಸಿಬ್ಬಂದಿ ಮುಂದಿನ ಗಾಜಿನ ಮೇಲೆ ವಿಚಿತ್ರವಾದ ಹೊಳಪನ್ನು ಕಂಡರು. ಸ್ವಲ್ಪ ಹೊತ್ತಿನಲ್ಲೇ ನಾಲ್ಕೂ ಎಂಜಿನ್‌ಗಳು ನಿಂತವು. ಅದು ಗಲುಂಗುಂಗ್ ಜ್ವಾಲಾಮುಖಿಯ ಬೂದಿ. ಒಣ ಬೂದಿಯಾದುದರಿಂದ ಹವಾಮಾನ ರೇಡಾರ್‌ಗೆ ಸಿಕ್ಕಿರಲಿಲ್ಲ. ಕೆಳಗಿಳಿದ ಮೇಲೆ ಎಂಜಿನ್‌ಗಳು ಮತ್ತೆ ಚಾಲೂ ಆಗಿ ವಿಮಾನ ಜಕಾರ್ತ ತಲುಪಿತು. ಆ ಹೊಳಪಿನ ಅರ್ಥ ಇಂದಿನ ಪೈಲಟ್‌ಗಳಿಗೆ ಗೊತ್ತು. ಅಂದಿನವರು ಹೇಳಿದ್ದರಿಂದ ಗೊತ್ತು.

ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ 1977ರಿಂದಲೇ ಇಂಥ ವರದಿಗಳಿಗೆ ಒಂದು ವಿಭಾಗವನ್ನು ಇಟ್ಟುಕೊಂಡಿದೆ. ನಾಸಾ ತಂಡದ 2023ರ ವರದಿ, ಹೆಸರು ಗುಟ್ಟಾಗಿಡುವ ಈಗಿರುವ ಸುರಕ್ಷತಾ ವರದಿ ವ್ಯವಸ್ಥೆಯನ್ನೇ ಇದಕ್ಕೂ ಬಳಸಬಹುದು ಎಂದಿದೆ. ನಮ್ಮಲ್ಲಿಯೂ 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಗುರುತಿಲ್ಲದ ವಸ್ತು ಕಂಡಿತೆಂದು ವಿಮಾನ ಸಂಚಾರವನ್ನು ತಡೆದು, ಹುಡುಕಲು ರಫೇಲ್ ವಿಮಾನಗಳನ್ನು ಕಳುಹಿಸಲಾಗಿತ್ತು. ನಿಮ್ಮ ಮಗಳು ಧೈರ್ಯವಾಗಿ ಮುಂದುವರಿಯಲಿ. ಕಂಡದ್ದನ್ನು ಅಂದಂದೇ ಬರೆದಿಡುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಲಿ.

ಪ್ರಶ್ನೆ: ಸಂಜೆ ಪಡುವಣ ಕಡಲಿನ ಮೇಲೆ ಒಂದು ಬೆಳಕು ಗಂಟೆಗಟ್ಟಲೆ ನಿಂತು ಅಲುಗಾಡುತ್ತದೆ. ಏನದು?
– ಓದುಗರೊಬ್ಬರು, ಕುಂಬಳೆ

ಉತ್ತರ: ಕತ್ತಲೆಯಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ನಿಶ್ಚಲವಾದುದೂ ಅಲುಗಿದಂತೆ ಕಾಣುತ್ತದೆ, ಪೈಲಟ್‌ಗಳಿಗೂ ಹಾಗೆಯೇ. ಅಂಗಳದಲ್ಲಿ ಒಂದೇ ಕಡೆ ಕುಳಿತು, ಆ ಬೆಳಕನ್ನು ಮಾಡಿನ ಅಂಚಿಗೆ ತಾಗುವಂತೆ ಇಟ್ಟುಕೊಂಡು ನೋಡಿ. ಅಲುಗಾಟ ನಿಂತು, ಗಂಟೆಯೊಂದರಲ್ಲಿ ಅದು ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಕೆಳಗೆ ಜಾರಿದರೆ ಅದು ಗ್ರಹ ಇಲ್ಲವೇ ನಕ್ಷತ್ರ, ಬಹುಮಟ್ಟಿಗೆ ಶುಕ್ರ. ಜಾರದೆ ಅಲ್ಲೇ ನಿಂತಿದ್ದರೆ ದಿನಾಂಕ, ಗಂಟೆ, ದಿಕ್ಕು ಇಷ್ಟನ್ನು ಬರೆದು ಕಳುಹಿಸಿ. ದೂರ ಮತ್ತು ಗಾತ್ರದ ಅಂದಾಜು ಬೇಡ.