ಹೊಸ ತಂತ್ರಜ್ಞಾನದಿಂದ ಗ್ರಂಥಾಲಯದ ಸೇವೆಯಲ್ಲಿ ಏನೇನು ಬದಲಾಗುತ್ತಿದೆ?

ದೊಡ್ಡ ಬದಲಾವಣೆ ಆಗಿರುವುದು ಜಾಸ್ತಿ ಕಣ್ಣಿಗೆ ಬೀಳದ ಕಡೆ. ಪುಸ್ತಕದೊಳಗೆ ಅಂಟಿಸುವ ಆರ್‌ಎಫ್‌ಐಡಿ ಚೀಟಿಯನ್ನೇ ನೋಡಿ. ಬಾರ್‌ಕೋಡ್ ಆದರೆ ಒಂದೊಂದೇ ಪುಸ್ತಕ ತೆಗೆದು ತೋರಿಸಬೇಕು. ಈ ಚೀಟಿ ರೇಡಿಯೋ ಅಲೆಯಲ್ಲಿ ಕೆಲಸ ಮಾಡುತ್ತದೆ, ಬ್ಯಾಟರಿಯೂ ಬೇಡ. ನಾಲ್ಕೈದು ಪುಸ್ತಕ ಒಟ್ಟಿಗೆ ಯಂತ್ರದ ಮೇಲಿಟ್ಟರೆ ಸಾಕು, ಎಲ್ಲವೂ ನಿಮ್ಮ ಹೆಸರಿಗೆ ದಾಖಲಾಗುತ್ತವೆ. ತಪ್ಪು ಕಪಾಟು ಸೇರಿದ ಪುಸ್ತಕವನ್ನೂ ಸಿಬ್ಬಂದಿ ಕೈಯಲ್ಲಿ ಹಿಡಿಯುವ ರೀಡರ್‌ನಿಂದ ಪತ್ತೆ ಮಾಡಬಹುದು. ಮೊದಲು ಅದು ಕಳೆದುಹೋದಂತೆಯೇ ಲೆಕ್ಕ, ಅಲ್ವಾ?

ಸ್ಕ್ಯಾನ್ ಮಾಡಿದ ಹಳೆ ಪುಟಗಳಲ್ಲಿ ಓಸಿಆರ್‌ನಿಂದ, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶದಿಂದ, ಪದ ಹುಡುಕಬಹುದು. ಇ-ಪುಸ್ತಕ ಮನೆಯಲ್ಲೇ ಸಿಗುತ್ತದೆ. ಆದರೆ ಗ್ರಂಥಾಲಯ ಸಾಮಾನ್ಯವಾಗಿ ಅದಕ್ಕೆ ಪರವಾನಗಿ ಪಡೆದಿರುತ್ತದೆ ಅಷ್ಟೆ, ಅದೂ ಹೆಚ್ಚಾಗಿ ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬರೇ ಓದುವಂತೆ. ಹಾಗಾಗಿ ಡಿಜಿಟಲ್ ಪ್ರತಿಗೂ ಎಷ್ಟೋ ಸಲ ಸರದಿ ಕಾಯಬೇಕು! ಎಐ ಚಾಟ್‌ಬಾಟ್ ವಿಷಯದಲ್ಲಿ ಮಾತ್ರ ಹುಷಾರು. ಇಲ್ಲದ ಪುಸ್ತಕದ ಹೆಸರನ್ನೂ ಅದು ಧೈರ್ಯವಾಗಿ ಹೇಳಿಬಿಡಬಹುದು, ಕೆಟಲಾಗ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.