ಬದಲಿಸೋದು ಸರಿ, ಬಳಸಿದ್ದನ್ನ ಹಾಕೋದೆಲ್ಲಿ?

(ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಆಕೆಯನ್ನು ನನ್ನ ಹತ್ತಿರ ಕಳಿಸಿದ್ದು ಡಾಕ್ಟರು. ವಯಸ್ಸು ಮೂವತ್ತೈದರ ಆಸುಪಾಸು. ಹಳ್ಳಿಯಲ್ಲಿ ಮನೆ, ಹೊಲದಲ್ಲಿ ಕೆಲಸ. ಗಂಡ, ಅತ್ತೆ, ಇಬ್ಬರು ಮಕ್ಕಳು. ದೊಡ್ಡ ಮಗಳಿಗೆ ಮುಟ್ಟು ಶುರುವಾಗಿ ವರ್ಷ ದಾಟಿದೆ. ಆಕೆಯ ತೊಂದರೆ ಹಳೆಯದು: ತೊಡೆ ಸಂದಿಯಲ್ಲಿ ನವೆ, ಬಿಳಿ ಹೋಗುವುದು, ಆಗಾಗ ಉರಿಮೂತ್ರ. ಮಾತ್ರೆ, ಮುಲಾಮು ಕೊಟ್ಟರೆ ಇಳಿಯುತ್ತದೆ. ಮುಂದಿನ ಮುಟ್ಟು ಮುಗಿಯುವ ಹೊತ್ತಿಗೆ ಮತ್ತೆ ಹಾಜರ್. "ನನ್ನ ಹತ್ತಿರ ಬಾಯಿ ಬಿಡ್ತಿಲ್ಲ, ನೀವೊಂದು ಸಲ ಮಾತಾಡಿ" ಅಂತ ಚೀಟಿಯಲ್ಲಿ ಬರೆದಿದ್ದರು.

ನನ್ನ ಹತ್ತಿರವೂ ಮೊದಲಿಗೆ ಬಾಯಿ ಬಿಡಲಿಲ್ಲ ಅನ್ನುವ ಹಾಗಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. "ಪ್ಯಾಡೇ ಇಟ್ಕೊಳ್ಳೋದು ಮೇಡಂ. ಬಟ್ಟೆ ಬಿಟ್ಟು ಎಷ್ಟೋ ವರ್ಷ ಆಯ್ತು." ದಿನಕ್ಕೆ ಎಷ್ಟು ಬದಲಿಸ್ತೀರಿ? "ಮೂರ್ನಾಲ್ಕು." ಸ್ವಲ್ಪವೂ ತಡವರಿಸಲಿಲ್ಲ. ಇಷ್ಟು ಸಲೀಸಾಗಿ ಬಂದ ಉತ್ತರದ ಮೇಲೆ ನನಗೆ ಯಾವಾಗಲೂ ಒಂಚೂರು ಅನುಮಾನ. ಹಳ್ಳಿಗಳಲ್ಲಿ ಶಿಬಿರ, ಭಾಷಣ ಬೇಕಾದಷ್ಟು ನಡೆದಿವೆ. ಏನು ಹೇಳಿದರೆ ಮೇಡಂ ತಲೆಯಾಡಿಸ್ತಾರೆ ಅಂತ ಹೆಂಗಸರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಬಳಸಿದ್ದನ್ನ ಎಲ್ಲಿ ಹಾಕ್ತೀರಿ?

ಆಕೆ ಸುಮ್ಮನಾದರು. ಆಮೇಲೆ ನಿಧಾನಕ್ಕೆ ಒಂದೊಂದೇ ಹೊರಬಂತು.

ಮೊದಲೆಲ್ಲ ಮನೆ ಹಿಂದಿನ ತಿಪ್ಪೆಗೆ ಎಸೆಯುತ್ತಿದ್ದರಂತೆ. ಒಂದು ಬೆಳಿಗ್ಗೆ ನಾಯಿಯೊಂದು ಅದನ್ನು ಕಚ್ಚಿಕೊಂಡು ಬೀದಿಗೆ ತಂದಿತು. ಎದುರು ಮನೆಯವರು ನೋಡಿದರು, ನಕ್ಕರು. ಗಂಡ ಮನೆಗೆ ಬಂದು ಕೂಗಾಡಿದ. ಆಮೇಲೆ ಪಾಯಿಖಾನೆಗೆ ಹಾಕಿ ನೀರು ಹುಯ್ದರು. ಪೈಪು ಕಟ್ಟಿಕೊಂಡು ಕೋಲಲ್ಲಿ ಕೆದಕಿ ತೆಗೆಯಬೇಕಾಯಿತು, ಮತ್ತೆ ಜಗಳ. ನೀರು ಕಾಯಿಸುವ ಒಲೆಗೆ ಹಾಕೋಣವೆಂದರೆ ಅತ್ತೆ ಬಿಡುವುದಿಲ್ಲ. ಸುಟ್ಟರೆ ಗರ್ಭಕ್ಕೆ ಕೇಡು ಅನ್ನುವುದು ಅವರ ನಂಬಿಕೆ.

ಕೊನೆಗೆ ಆಕೆ ಕಂಡುಕೊಂಡ ದಾರಿ ಇದು. ಬಳಸಿದ್ದನ್ನೆಲ್ಲ ಕವರಿನಲ್ಲಿ ಕೂಡಿಟ್ಟು ಸೌದೆ ರಾಶಿಯ ಹಿಂದೆ ಬಚ್ಚಿಡುವುದು. ಮುಟ್ಟು ನಿಂತ ಮೇಲೆ ಕತ್ತಲಾದಾಗ ಒಯ್ದು ಹಳ್ಳಕ್ಕೆ ಎಸೆಯುವುದು. ಒಂದು ಕವರ್, ಅದರ ಮೇಲೆ ಇನ್ನೊಂದು, ಎಲ್ಲಕ್ಕಿಂತ ಹೊರಗೆ ಕಪ್ಪು ಕವರ್. ಮೂರಕ್ಕೂ ಬೇರೆ ಬೇರೆ ಗಂಟು. ಹೇಗೆ ಗಂಟು ಹಾಕುತ್ತೇನೆ ಅಂತ ಸೆರಗಿನ ಚುಂಗಿನಲ್ಲೇ ಮಾಡಿ ತೋರಿಸಿದರು. ಬಿಗಿಯಾಗಿ ಎಳೆದು, ತುದಿಯನ್ನು ಒಳಗೆ ತುರುಕಿ, ಇನ್ನೊಂದು ಸಲ ಎಳೆದು.

"ಕವರ್ ಬೇಗ ತುಂಬಬಾರದು ಅಲ್ವಾ ಮೇಡಂ. ಅದಕ್ಕೇ ಬೆಳಿಗ್ಗೆ ಒಂದು ಇಟ್ಕೊಂಡ್ರೆ ರಾತ್ರಿವರೆಗೂ ಅದೇ."

ಡಾಕ್ಟರಿಗೆ ಸಿಗದೇ ಇದ್ದ ಉತ್ತರ ಇಲ್ಲಿತ್ತು. ಹೊಲದಲ್ಲಿ ಬದಲಿಸಲು ಮರೆ ಇಲ್ಲ, ಹಾಕಲು ಜಾಗ ಇಲ್ಲ. ಮೂತ್ರಕ್ಕೆ ಹೋಗುವುದು ತಪ್ಪಲಿ ಅಂತ ಆ ದಿನಗಳಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಉರಿಮೂತ್ರಕ್ಕೆ ಅದೇ ಒಂದು ಕಾರಣವಾಗಿರಬಹುದು. ಮಗಳಿಗೂ ಇದೇ ಪಾಠ ಆಗಿತ್ತು. ಶಾಲೆಯ ಶೌಚಾಲಯದಲ್ಲಿ ಮುಚ್ಚಳವಿರುವ ಡಬ್ಬಿ ಇಲ್ಲ. ಹುಡುಗಿ ಬೆಳಿಗ್ಗೆ ಇಟ್ಟುಕೊಂಡಿದ್ದನ್ನು ಸಂಜೆ ಮನೆಗೆ ಬಂದೇ ತೆಗೆಯುತ್ತಿದ್ದಳು. ಜಾಸ್ತಿ ಹೋಗುವ ದಿನ ಶಾಲೆಗೇ ರಜೆ.

ಇಲ್ಲಿ ಲೆಕ್ಕವೊಂದನ್ನು ಹೇಳಲೇಬೇಕು. "ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ" ಅಂತ ನಾವೆಲ್ಲ ಹೇಳುತ್ತೇವೆ. ಸರಿಯಾದ ಮಾತೇ. ಆದರೆ ದಿನಕ್ಕೆ ಒಂದರಂತೆ ಐದು ದಿನಕ್ಕೆ 5 ಪ್ಯಾಡ್ ಬಚ್ಚಿಡುತ್ತಿದ್ದ ಹೆಂಗಸು ನನ್ನ ಮಾತು ಕೇಳಿದರೆ 20 ಬಚ್ಚಿಡಬೇಕು. ಮಗಳದ್ದೂ ಸೇರಿದರೆ 40. ವರ್ಷಕ್ಕೆ 480. ಸೌದೆ ರಾಶಿಯ ಹಿಂದೆ ಅಷ್ಟು ಜಾಗ ಎಲ್ಲಿದೆ? ಹಾಕಲು ಜಾಗ ತೋರಿಸದೆ ಬದಲಿಸಿ ಅನ್ನುವ ಸಲಹೆ ಆಕೆಯ ತಲೆನೋವನ್ನು ನಾಲ್ಕು ಪಟ್ಟು ಮಾಡುತ್ತದೆ ಅಷ್ಟೇ. ಎದುರಿಗೆ ಹೂಂ ಅಂದು, ಮನೆಗೆ ಹೋಗಿ ಹಳೆಯದನ್ನೇ ಮುಂದುವರಿಸುತ್ತಾರೆ. ಅದು ದಡ್ಡತನ ಅಲ್ಲ.

ಹಾಗಾಗಿ ಸಲಹೆಯನ್ನು ಹಾಕುವ ಜಾಗದಿಂದಲೇ ಶುರು ಮಾಡಿದೆ.

ಮೊದಲು, ಏನು ಮಾಡಬಾರದು ಅಂತ ಮಾತಾಡಿದೆವು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪ್ಯಾಡುಗಳ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಮೇಲಿನ ಪದರವೂ ಎಷ್ಟೋ ಸಲ ಪ್ಲಾಸ್ಟಿಕ್ ನಾರೇ. ಒಳಗೆ ನೀರು ಹೀರಿ ಉಬ್ಬುವ ಪುಡಿ. ಪೈಪು ಕಟ್ಟಿದ್ದು ಅದರಿಂದಲೇ. ಪಾಯಿಖಾನೆಗೆ ಹಾಕಿದರೆ ಉಬ್ಬುತ್ತದೆ, ಹಳ್ಳಕ್ಕೆ ಹಾಕಿದರೆ ಕರಗುವುದಿಲ್ಲ. ಅಲ್ಲೇ ದನ ನೀರು ಕುಡಿಯುತ್ತದೆ, ಮಕ್ಕಳು ಆಡುತ್ತಾರೆ. ಇನ್ನು ಒಲೆ. ಈ ವಿಷಯದಲ್ಲಿ ಅತ್ತೆಯ ಮಾತೇ ಸರಿ ಅಂದಾಗ ಆಕೆಗೆ ಆಶ್ಚರ್ಯ. ಗರ್ಭಕ್ಕೂ ಆ ಬೆಂಕಿಗೂ ಏನೂ ಸಂಬಂಧ ಇಲ್ಲ. ಆದರೆ ಒದ್ದೆ ಪ್ಯಾಡ್ ಮನೆಯ ಒಲೆಯಲ್ಲಿ ಪೂರ್ತಿ ಸುಡುವುದಿಲ್ಲ, ಹೊಗೆಯಾಡುತ್ತದೆ. ಇಂಥ ಕಸ ಸರಿಯಾಗಿ ಸುಡಬೇಕಾದರೆ 800 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ಅರೆಬರೆ ಸುಟ್ಟ ಕಸದ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳು ಇರಬಹುದು. ಆ ಗುಂಪಿನಲ್ಲೇ ಅತಿ ಘೋರವಾದದ್ದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕೂತ ಹೆಂಗಸರೇ ತಾನೆ.

ಆಮೇಲೆ, ಏನು ಮಾಡಬಹುದು ಅಂತ. ತೆಗೆದ ಪ್ಯಾಡನ್ನು ಕಲೆ ಒಳಗೆ ಬರುವಂತೆ ಮಡಚಿ, ಹಳೆಯ ಪೇಪರಿನಲ್ಲಿ ಸುತ್ತಬೇಕು. ಮೂರು ಕವರ್ ಬೇಡ, ಮೂರು ಗಂಟೂ ಬೇಡ. ಬಚ್ಚಲಿನ ಮೂಲೆಯಲ್ಲಿ ಮುಚ್ಚಳವಿರುವ ಡಬ್ಬಿ, ನಾಯಿ ಉರುಳಿಸಿದರೂ ತೆರೆಯಬಾರದು. ಹಳೆಯ ಪೇಂಟ್ ಡಬ್ಬಿ ಸಾಕು ಅಂದೆ. ಕೈಯನ್ನು ಸೋಪು ಹಾಕಿ ತೊಳೆಯಬೇಕು, ಪ್ಯಾಡ್ ಇಟ್ಟುಕೊಳ್ಳುವ ಮುಂಚೆಯೂ, ತೆಗೆದ ಮೇಲೂ. ಊರಿಗೆ ಕಸದ ಗಾಡಿ ಬರುವುದಾದರೆ ಈ ಪೊಟ್ಟಣಗಳನ್ನು ಬೇರೆಯಾಗಿ, ಮೇಲೊಂದು ಗುರುತು ಹಾಕಿ ಕೊಡಬೇಕು. ಕೆಂಪು ಚುಕ್ಕಿ ಇಟ್ಟರೂ ಸಾಕು. ಇದು ನಮ್ಮ ಮರ್ಯಾದೆಗೆ ಮಾತ್ರ ಅಲ್ಲ. ಕಸ ವಿಂಗಡಿಸುವವರು ಬರಿಗೈಯಲ್ಲಿ ಬಿಚ್ಚಿ ನೋಡುವ ಹಾಗೆ ಆಗಬಾರದು. ಪ್ಯಾಡ್ ವಿಷಯ ಬಂದಾಗ ಅವರನ್ನು ಎಲ್ಲರೂ ಮರೆಯುತ್ತಾರೆ.

ಆಕೆಯ ಊರಿಗೆ ಗಾಡಿ ಬರುತ್ತಿರಲಿಲ್ಲ. ಹಾಗಿದ್ದಾಗ ಉಳಿಯುವುದು ಗುಂಡಿ. ನಾಯಿ ಕೆರೆದು ತೆಗೆಯಲಾಗದಷ್ಟು ಆಳ, ಬಾವಿ ಮತ್ತು ಹಳ್ಳದಿಂದ ಕನಿಷ್ಠ 30 ಮೀಟರ್ ದೂರ, ಪ್ರತಿ ಸಲ ಮೇಲೆ ಮಣ್ಣು, ಬಾಯಿಗೆ ಕಲ್ಲುಚಪ್ಪಡಿ. ಇದು ಒಳ್ಳೆಯ ಪರಿಹಾರ ಅಂತ ನಾನು ಹೇಳಲಿಲ್ಲ. ಪ್ಲಾಸ್ಟಿಕ್ ಅಲ್ಲೇ ಇರುತ್ತದೆ, ಗುಂಡಿ ಒಂದು ದಿನ ತುಂಬುತ್ತದೆ. ಹಳ್ಳಕ್ಕಿಂತ ವಾಸಿ, ಅಷ್ಟೇ.

ಗುಂಡಿ ಬೇಗ ತುಂಬಬಾರದು ಅಂದರೆ ಪ್ಯಾಡಿನ ಸಂಖ್ಯೆ ಇಳಿಯಬೇಕು. ಹೀಗೆ ಮಾತು ಬಟ್ಟೆಯ ಕಡೆ ತಿರುಗಿತು. ಆಕೆಗೆ ಅದು ಹಿಂದಕ್ಕೆ ಹೋದ ಹಾಗೆ ಕಂಡಿತು. "ಬಟ್ಟೆ ಕೆಟ್ಟದ್ದು ಅಂತ ನೀವೇ ಹೇಳ್ತಿದ್ರಲ್ಲ?" ಅಂತ ಕೇಳಿಯೇಬಿಟ್ಟರು. ಬಟ್ಟೆಯಲ್ಲಿ ದೋಷ ಇಲ್ಲ. ಕತ್ತಲೆ ಮೂಲೆಯಲ್ಲಿ, ಬೇರೆ ಬಟ್ಟೆಗಳ ಅಡಿಯಲ್ಲಿ ಒಣಹಾಕಿ, ಅರೆ ಒದ್ದೆ ಇರುವಾಗಲೇ ಮತ್ತೆ ಇಟ್ಟುಕೊಳ್ಳುವುದರಲ್ಲಿ ದೋಷ ಇದೆ. ಒಳ್ಳೆಯ ಹತ್ತಿಬಟ್ಟೆ ಅಥವಾ ಹೊಲಿದ ಬಟ್ಟೆಪ್ಯಾಡನ್ನು ತಣ್ಣೀರಿನಲ್ಲಿ ನೆನೆಸಿ, ಸೋಪಿನಲ್ಲಿ ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದರೆ ಅದಕ್ಕಿಂತ ಬೇರೇನೂ ಬೇಕಿಲ್ಲ. ಮೊದಲೇ ಬಿಸಿನೀರು ಹಾಕಿದರೆ ರಕ್ತ ನಾರಿಗೆ ಕಚ್ಚಿಕೊಳ್ಳುತ್ತದೆ, ಕಲೆ ಹೋಗುವುದಿಲ್ಲ. ಹಳೆಯದಾದಾಗ ಅಪ್ಪಟ ಹತ್ತಿಯಾದರೆ ಹೂತರೆ ಮಣ್ಣಾಗುತ್ತದೆ. ಮುಟ್ಟಿನ ಕಪ್, ಅಂದರೆ ಯೋನಿಯ ಒಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಪುಟ್ಟ ಬಟ್ಟಲಿನ ಬಗ್ಗೆಯೂ ಹೇಳಿದೆ: 12 ಗಂಟೆವರೆಗೆ ಇಟ್ಟುಕೊಳ್ಳಬಹುದು, ಪ್ರತಿ ತಿಂಗಳು ಕುದಿಸಬೇಕು, ವರ್ಷಗಟ್ಟಲೆ ಬರುತ್ತದೆ, ಕಸವೇ ಇಲ್ಲ. ಆಕೆ ಎರಡೂ ಕೈ ಅಡ್ಡ ಆಡಿಸಿದರು. ನಾನು ಒತ್ತಾಯ ಮಾಡಲಿಲ್ಲ. ಮೈಗೆ ಸಂಬಂಧಪಟ್ಟ ವಿಷಯದಲ್ಲಿ ಬೇಡ ಅಂದರೆ ಬೇಡ.

ಬಿಸಿಲಿಗೆ ಹಾಕುವುದೇ ದೊಡ್ಡ ತಕರಾರು ಆಯಿತು. ನಾಲ್ಕು ಜನ ನೋಡಲ್ವಾ? ಕೊನೆಗೆ ಆಕೆಯೇ ಒಂದು ಉಪಾಯ ಹೇಳಿದರು. ಹಗ್ಗದ ಮೇಲೆ ಬಿಡಿಬಿಡಿಯಾಗಿ ಹಾಕಿ, ಮೇಲೆ ತೆಳ್ಳನೆಯ ಹತ್ತಿ ಪಂಚೆ. ಬಿಸಿಲೂ ತಾಗುತ್ತದೆ, ಗಾಳಿಯೂ ಆಡುತ್ತದೆ. ಮುಚ್ಚದೆ ಹಾಕಿದರೆ ಇನ್ನೂ ಒಳ್ಳೆಯದು ಅಂತ ನನಗೆ ಗೊತ್ತು. ಆದರೆ ಕೈಲಿ ಆಗುವ ಸಲಹೆಯೇ ಸಲಹೆ.

ಇಷ್ಟಾದ ಮೇಲೆ "ಆರು ಗಂಟೆ ದಾಟಿಸಬೇಡಿ, ಸ್ವಲ್ಪವೇ ಹೋಗ್ತಿದ್ರೂ ಬದಲಿಸಿ" ಅಂದೆ. ಆಗ ಅದು ಮಾಡಬಹುದಾದ ಕೆಲಸದ ಹಾಗೆ ಕೇಳಿಸಿತು.

ತೊಳೆಯುವ ವಿಚಾರದಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ನವೆ ತಡೆಯಲಾರದೆ ಆಕೆ ಬಟ್ಟೆ ಸೋಪಿನ ನೀರಿನಲ್ಲಿ, ಕೆಲವೊಮ್ಮೆ ಗಾಯ ತೊಳೆಯುವ ಔಷಧ ಬೆರೆಸಿದ ನೀರಿನಲ್ಲಿ, ಒಳಗೂ ಬೆರಳು ಹಾಕಿ ತೊಳೆಯುತ್ತಿದ್ದರು. ಎಷ್ಟು ಉರಿದರೆ ಅಷ್ಟು ಚೊಕ್ಕಟ ಅಂತ ಲೆಕ್ಕ. ಇದನ್ನು ಅವತ್ತೇ ನಿಲ್ಲಿಸಿ ಅಂದೆ. ಯೋನಿಯ ಒಳಗೆ ನಮಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳಿವೆ. ಅವು ಅಲ್ಲಿ ಹುಳಿ ಗುಣ ಉಳಿಸಿಕೊಂಡು ಕೆಟ್ಟವನ್ನು ದೂರ ಇಡುತ್ತವೆ. ಸೋಪು, ಔಷಧ ಹಾಕಿ ತೊಳೆದರೆ ಮೊದಲು ಸಾಯುವುದು ಈ ಕಾವಲುಗಾರರು. ಹೊರಭಾಗವನ್ನು ಬರೀ ನೀರಿನಲ್ಲಿ, ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಿಕೊಂಡರೆ ಸಾಕು. ಒಳಗಿನದನ್ನು ಮೈಯೇ ನೋಡಿಕೊಳ್ಳುತ್ತದೆ.

ನವೆಗೆಲ್ಲ ಪ್ಯಾಡೇ ಕಾರಣ ಅಂತ ನಾನು ಹೇಳಲಿಲ್ಲ, ಹೇಳಲೂಬಾರದು. ಪದೇ ಪದೇ ಬರುವ ಶಿಲೀಂಧ್ರ ಸೋಂಕಿನ ಹಿಂದೆ ಸಕ್ಕರೆ ಕಾಯಿಲೆ ಇರಬಹುದು. ಕೆಲವು ಸೋಂಕಿಗೆ ಗಂಡನಿಗೂ ಔಷಧ ಬೇಕಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ ಮತ್ತೆ ಹೋಗಿ, ಈ ಸಲ ನಿಜ ಹೇಳಿ, ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ ಅಂದೆ. ವಾಸನೆ ಬಂದರೆ, ಹಸಿರು ಹಳದಿ ಬಣ್ಣದಲ್ಲಿ ಹೋದರೆ, ಜ್ವರ ಅಥವಾ ಕಿಬ್ಬೊಟ್ಟೆ ನೋವಿದ್ದರೆ ಕಾಯುತ್ತಾ ಕೂರಬೇಡಿ ಅಂತಲೂ ಹೇಳಿದೆ.

ಗಂಡನನ್ನು ಕರೆಯಬಹುದಾ ಅಂತ ಕೇಳಿದಾಗ ಆಕೆ ತುಂಬಾ ಹೊತ್ತು ಯೋಚಿಸಿ ಒಪ್ಪಿದರು. ಆತ ಬಂದು ಕುರ್ಚಿಯ ತುದಿಯಲ್ಲಿ ಕೂತರು. "ಇದೆಲ್ಲ ಹೆಂಗಸರ ವಿಷಯ, ನಂಗೇನ್ ಗೊತ್ತು ಮೇಡಂ?" ಗಂಡಸರಿಗೆ ಮುಟ್ಟಿನ ಬಗ್ಗೆ ಉಪನ್ಯಾಸ ಕೊಡುವುದರಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಕೆಲಸ ಕೊಟ್ಟರೆ ಮಾಡುತ್ತಾರೆ. ಗುಂಡಿ ಎಲ್ಲಿ ತೆಗೆಯಬಹುದು, ಬಾವಿ ಎಷ್ಟು ದೂರ, ಬಚ್ಚಲಿನ ಬಾಗಿಲಿಗೆ ಚಿಲಕ ಇದೆಯಾ ಅಂತ ಕೇಳಿದೆ. ಚಿಲಕ ಇರಲಿಲ್ಲ. ಹೆಂಡತಿ, ಮಗಳು ಇಷ್ಟು ವರ್ಷ ಬಾಗಿಲಿಗೆ ಬಕೆಟ್ ಒತ್ತರಿಸಿ ಇಟ್ಟುಕೊಂಡು ಬದಲಿಸುತ್ತಿದ್ದರು ಅನ್ನುವುದು ಆತನಿಗೆ ಅಲ್ಲೇ ಗೊತ್ತಾಗಿದ್ದು. ನಾಯಿಯ ಪ್ರಸಂಗವನ್ನು ನಾನು ಎತ್ತಲಿಲ್ಲ. ಆತನೇ ಎತ್ತಿ, "ಅವತ್ತು ಸಿಟ್ಟು ಬಂದಿತ್ತು" ಅಂದರು. ಕ್ಷಮೆ ಅಂತ ಕೇಳಲಿಲ್ಲ. ಆಕೆಯೂ ಅದನ್ನು ಮುಂದುವರಿಸಲಿಲ್ಲ.

ಮತ್ತೆ ಬಂದಾಗ ಚಿಲಕ ಬಂದಿತ್ತು, ಗುಂಡಿಯೂ ಆಗಿತ್ತು. ನವೆ ಬಹಳ ಮಟ್ಟಿಗೆ ಇಳಿದಿತ್ತು. ಸಕ್ಕರೆ ಪರೀಕ್ಷೆ ಸರಿಯಾಗಿತ್ತು. ಮನೆಯಲ್ಲಿ ಬಟ್ಟೆಪ್ಯಾಡ್, ಹೊಲಕ್ಕೂ ಶಾಲೆಗೂ ಅಂಗಡಿಯ ಪ್ಯಾಡ್, ಹೀಗೆ ಪಾಲು ಮಾಡಿಕೊಂಡಿದ್ದರು. ಪೇಂಟ್ ಡಬ್ಬಿಯನ್ನು ಮಾತ್ರ ಅತ್ತೆ ಎರಡು ಸಲ ಹೊರಗೆ ಇಟ್ಟಿದ್ದಾರೆ. ಆ ಮಾತುಕತೆ ಇನ್ನೂ ನಡೆಯುತ್ತಿದೆ. ಶಾಲೆಯ ಡಬ್ಬಿಯ ವಿಷಯವನ್ನು ಊರಿನ ಆರೋಗ್ಯ ಕಾರ್ಯಕರ್ತೆ ಶಿಕ್ಷಕಿಯರ ಹತ್ತಿರ ಎತ್ತಿದ್ದಾರೆ. ಉತ್ತರ ಬಂದಿಲ್ಲ.

ಇನ್ನೊಂದು ವಿಷಯ ಆಗ ಬೆಳಕಿಗೆ ಬಂತು. ಮಗಳು ಈಗ ಬೇಕಾದಾಗ ಬದಲಿಸುತ್ತಿದ್ದಳು, ಎಣಿಸಲೂ ಆಗುತ್ತಿತ್ತು. ಮೊದಲೆರಡು ದಿನ ಎರಡು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿತ್ತು. ಗಡ್ಡೆ ಗಡ್ಡೆ ಹೋಗುತ್ತಿತ್ತು. ಒಂಬತ್ತು ದಿನವಾದರೂ ನಿಲ್ಲುತ್ತಿರಲಿಲ್ಲ. ಸಾಮಾನ್ಯವಾಗಿ 2ರಿಂದ 7 ದಿನ. ಅದಕ್ಕಿಂತ ಜಾಸ್ತಿಯಾದರೆ, ಗಂಟೆ ಎರಡು ಗಂಟೆಗೆ ಪ್ಯಾಡ್ ತುಂಬಿದರೆ, ತೋರಿಸಲೇಬೇಕು. ದಿನವಿಡೀ ಒಂದೇ ಇಟ್ಟುಕೊಂಡು, ಅದರ ಮೇಲೆ ಬಟ್ಟೆ ಒತ್ತಿಕೊಂಡು, ಮನೆಯಲ್ಲೇ ಮಲಗಿರುತ್ತಿದ್ದ ಹುಡುಗಿಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಸೋಮಾರಿ ಅಂತ ಬೈಸಿಕೊಂಡಿದ್ದಳು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿತ್ತು. ಆ ವಯಸ್ಸಿಗೆ 12 ಆದರೂ ಇರಬೇಕು. ಈಗ ಕಬ್ಬಿಣದ ಮಾತ್ರೆ ಶುರುವಾಗಿದೆ. ರಕ್ತಸ್ರಾವಕ್ಕೆ ಡಾಕ್ಟರು ಬೇರೆ ಔಷಧ ಕೊಟ್ಟು, ಮೂರು ತಿಂಗಳ ನಂತರ ಬರಲು ಹೇಳಿದ್ದಾರೆ. ಅಲ್ಲಿವರೆಗೆ ಪ್ರತಿ ಮುಟ್ಟಿನ ದಿನಗಳನ್ನೂ ಪ್ಯಾಡುಗಳನ್ನೂ ಕ್ಯಾಲೆಂಡರಿನಲ್ಲಿ ಬರೆದಿಡು ಅಂತ ಹುಡುಗಿಗೆ ಹೇಳಿದ್ದೇನೆ. ಬರೆಯುತ್ತಿದ್ದಾಳೆ.